ಲೋಣಾವಳಾದಲ್ಲೊಂದು ಸಾಲಾವಳಿ

ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿರುವ ಲೋಣಾವಳಾದಲ್ಲಿ ಹಡಗು ನಿಲ್ಲಲು ಜಾಗವಿಲ್ಲ, ನೌಕಾಪಡೆ ಮಾತ್ರ ಇದೆ. ಹಡಗಿನ ಎಂಜಿನ್ ವಿದ್ಯೆ ಕಲಿಸುವ ಐಎನ್‌ಎಸ್ ಶಿವಾಜಿ 1945ರಲ್ಲೇ ಘಟ್ಟ ಹತ್ತಿ ಕೂತಿದೆ. ಹಾಗಿರುವಾಗ ಏಳು ಕಡಲ ಮೀನು ಹತ್ತಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ನಮ್ಮ ಪಕ್ಕದ ಬಂಗಲೆಯ ಯಜಮಾನರು ಕೇಳಿದರು. ನಮ್ಮ ಕಡೆಯವರೇ. ಮುಂಬಯಿಯಲ್ಲಿ ಹೋಟೆಲು, ಇಲ್ಲಿ ಶನಿವಾರ-ಭಾನುವಾರದ ವಾಸ. ಉಳಿದ ಐದು ದಿನ ಬಂಗಲೆಗೆ ಮಾಲಿಯೇ ಒಡೆಯ.

ಹಾಲಿನಲ್ಲಿ ಇನ್ನೂರು ಲೀಟರಿನ ಟ್ಯಾಂಕು ಬಂತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಏಳು ಕೆ.ಜಿ. ಕಡಲುಪ್ಪು ಬಿತ್ತು. ಬೆಳಿಗ್ಗೆ ನೀರು, ಸಂಜೆಗೆ ಮೀನುಗಳ ಗೃಹಪ್ರವೇಶ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ನೈಟ್ರೈಟು, ಆಮೇಲೆ ನೈಟ್ರೇಟು ಮಾಡುವ ಬ್ಯಾಕ್ಟೀರಿಯಾಗಳು ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಹಿಟ್ಟು ಹುದುಗದೆ ಒಂದು ದೋಸೆಯನ್ನೂ ಹುಯ್ಯದ ಹೋಟೆಲಿನವರು ನೀರು ಹುದುಗುವ ಮೊದಲೇ ಮೀನು ಬಿಟ್ಟರು. ನಾಲ್ಕನೇ ದಿನ ನೀಲಿ ಟ್ಯಾಂಗ್ ಮೀನು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿತ್ತು. ಮಾಲಿ ಅದರ ವಿಡಿಯೋ ಕಳಿಸಿದ. ‘ಹಾಡುತ್ತಿದೆ’ ಎಂದು ಯಜಮಾನರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡರು. ಸಂಜೆಗೆ ಹಾಡು ನಿಂತಿತು.

ಇದೇ ಮನುಷ್ಯ ಮಗಳ ಮದುವೆಗೆ ಮೂವರು ಜೋಯಿಸರ ಹತ್ತಿರ ಸಾಲಾವಳಿ ನೋಡಿಸಿದವರು. 36 ಗುಣಗಳಲ್ಲಿ 28 ಕೂಡಿಬಂದ ಎಂಜಿನಿಯರನ್ನು ನಾಡೀದೋಷವೆಂದು ವಾಪಸು ಕಳಿಸಿದವರು. ಮೀನಿನ ವಿಷಯಕ್ಕೆ ಬಂದಾಗ ನೋಡಿದ್ದು ಸೋಫಾದ ಬಣ್ಣ. ದಿಂಬಿಗೆ ಹೊಂದಲೆಂದು ಕೇಸರಿ ಪಟ್ಟೆಯ ಎರಡು ಕ್ಲೌನ್ ಮೀನು, ಪರದೆಗೆಂದು ನೀಲಿ ಟ್ಯಾಂಗು, ಗತ್ತಿಗೊಂದು ಲಯನ್ ಮೀನು, ಮಕ್ಕಳಿಗೆ ತಮಾಷೆಯಾಗಲೆಂದು ಚೌಕಟ್ಟು ಮೈಯ ಬಾಕ್ಸ್ ಮೀನು, ಅಗ್ಗಕ್ಕೆ ಸಿಕ್ಕವೆಂದು ಎರಡು ಡ್ಯಾಮ್ಸೆಲ್. ‘ಕ್ಲೌನ್ ಗಂಡು-ಹೆಣ್ಣು ಜೋಡಿಯೇ ಇರಲಪ್ಪ’ ಎಂದರೆ, ಅಂಗಡಿಯವ ‘ಅದನ್ನು ಅವೇ ತೀರ್ಮಾನ ಮಾಡಿಕೊಳ್ತವೆ ಸಾರ್’ ಎಂದ. ಅವನು ಹೇಳಿದ ಒಂದೇ ನಿಜ ಅದು. ಕ್ಲೌನ್ ಮೀನೆಲ್ಲ ಹುಟ್ಟುವಾಗ ಗಂಡು. ಗುಂಪಿನಲ್ಲಿ ಜೋರಾದದ್ದು ಹೆಣ್ಣಾಗುತ್ತದೆ.

ಲಯನ್ ಮೀನಿನದು ಶುದ್ಧ ರಾಕ್ಷಸ ಗಣ. ಬಾಯಲ್ಲಿ ಹಿಡಿಸುವುದೆಲ್ಲ ಅದಕ್ಕೆ ಊಟ. ಎರಡನೇ ವಾರ ಒಂದು ಕ್ಲೌನ್ ಕಾಣೆಯಾಯಿತು. ಹೆಣವಿಲ್ಲ, ಮುಳ್ಳಿಲ್ಲ. ಗೇಟಿನ ಸಿಸಿಟಿವಿ ತಿರುಗಿಸಿ ನೋಡಿದರು, ಮಾಲಿಯ ಬೆಕ್ಕನ್ನು ವಿಚಾರಿಸಿಕೊಂಡರು. ಅತ್ತ ಮೂಲೆಯಲ್ಲಿ ಲಯನ್ ಮೀನು ಬೀಗರೂಟ ಮುಗಿಸಿದವರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ರೆಕ್ಕೆ ಬಿಚ್ಚಿ ನಿಂತಿತ್ತು. ಆ ಕಡೆ ಯಾರ ಕಣ್ಣೂ ಹೋಗಲಿಲ್ಲ.

ಡ್ಯಾಮ್ಸೆಲ್‌ಗಳದು ಜಗಳಗಂಟ ಜಾತಿ. ಅವು ಅಟ್ಟಾಡಿಸಿ ಅಟ್ಟಾಡಿಸಿ ಬಾಕ್ಸ್ ಮೀನು ಒಂದು ರಾತ್ರಿ ಸತ್ತಿತು. ಹೆದರಿದರೆ, ಸಾಯುವಾಗಲೂ, ಆ ಮೀನು ಚರ್ಮದಿಂದ ವಿಷ ಬಿಡುತ್ತದೆ. ಬೆಳಗಾಗುವಷ್ಟರಲ್ಲಿ ರಾಕ್ಷಸನೂ ಸೇರಿ ಎಲ್ಲವೂ ಮಗುಚಿದ್ದವು.

‘ನಿಗೂಢ ಸಾವು’ ಎಂದರು ಯಜಮಾನರು. ‘ಲೋಣಾವಳಾ ಹವೆ ಒಗ್ಗಲಿಲ್ಲ’ ಎಂದ ಅಂಗಡಿಯವ. ವಾಸ್ತು ಪಂಡಿತರು ಎಲ್ಲರನ್ನೂ ಮೀರಿಸಿದರು: ಮೀನು ಸತ್ತರೆ ಮನೆಯ ಗಂಡಾಂತರ ಹೊತ್ತುಕೊಂಡು ಹೋಯಿತೆಂದು ಅರ್ಥವಂತೆ! ಏಳು ಸತ್ತಿದ್ದವು. ಏಳು ಗಂಡಾಂತರ ಪಾರಾದ ಸಂತೋಷಕ್ಕೆ ಯಜಮಾನರು ನಮಗೆಲ್ಲ ಚಿಕ್ಕಿ ಹಂಚಿದರು.

ಎರಡನೇ ಕಂತಿಗೆ ನಿಜವಾದ ಹವಳ ಬೇಕೆಂದು ಹಟ ಹಿಡಿದರು. 2001ರಿಂದ ಹವಳ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಪಂಕ್ತಿಯಲ್ಲೇ ಕೂತಿದೆ ಎಂದು ಯಾರೋ ಹೆದರಿಸಿದ ಮೇಲೆ ಪ್ಲಾಸ್ಟಿಕ್ಕಿನದು ಬಂತು. ಆ ಟ್ಯಾಂಕಿನಲ್ಲಿ ಇವತ್ತಿಗೂ ಆರೋಗ್ಯವಾಗಿರುವುದು ಅದೊಂದೇ. ‘ನೀರು ಕಮ್ಮಿಯಾದ ಹಾಗೆ ಉಪ್ಪುನೀರು ತುಂಬಿಸು’ ಎಂದು ಮಾಲಿಗೆ ಅಪ್ಪಣೆಯಾಯಿತು. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಸಾರು ಕುದಿದು ಇಂಗಿದಾಗ ಮತ್ತೊಂದು ಹಿಡಿ ಉಪ್ಪು ಸುರಿದರೆ ಆಗುವುದೇ ಇಲ್ಲೂ ಆಯಿತು. ಅದನ್ನೂ ತಾಳಿಕೊಂಡು ಮೂರು ಮೀನು ಬದುಕಿದ್ದವು. ಅಷ್ಟರಲ್ಲಿ ಜುಲೈ ಬಂತು.

ಇಲ್ಲಿನ ಮಳೆನೀರನ್ನು ಖೋಪೋಲಿಗೆ ಇಳಿಸಿ 1915ರಿಂದ ಮುಂಬಯಿಗೆ ಕರೆಂಟು ಒದಗಿಸುತ್ತಿದ್ದಾರೆ. ನೀರು ಕೊಟ್ಟ ಊರಿನಲ್ಲಿ ತಂತಿಯ ಮೇಲೆ ಒಂದು ಮರ ಬಿದ್ದರೆ ರಾತ್ರಿಯಿಡೀ ಕತ್ತಲೆ. ಬಂಗಲೆಗೆ ಜನರೇಟರಿದೆ. ಫ್ರಿಜ್ಜಿಗೂ ಈಜುಕೊಳದ ಬಣ್ಣದ ದೀಪಕ್ಕೂ ಅದರ ತಂತಿ ಎಳೆದಿದ್ದಾರೆ, ಟ್ಯಾಂಕಿನ ಪಂಪಿಗೆ ಎಳೆದಿಲ್ಲ. ಆ ರಾತ್ರಿ ಮೂರು ಗಂಡಾಂತರ ಕಳೆದವು.

ಬರುವ ಶನಿವಾರ ಮೂರನೇ ಕಂತು ಬರುತ್ತದಂತೆ. ಅದರಲ್ಲೊಂದು ಲಯನ್ ಮೀನಿದೆ. ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ ಮೊದಲ ದಿನವೇ ಟ್ಯಾಂಕಿನ ಜೊತೆ ಪುಕ್ಕಟೆಯಾಗಿ ಬಂದದ್ದು, ಕೆಳಗಿನ ಕಪಾಟಿನಲ್ಲಿದೆ. ಸೀಲು ಒಡೆದಿಲ್ಲ.