ಅವಧಿಪೂರ್ವ ಗೃಹತ್ಯಾಗ: ರೋಜಾ ಪ್ರದೇಶವನ್ನು ಅನುಲಕ್ಷಿಸಿ

ಕಲಬುರಗಿಯ ಚರಿತ್ರೆಯೆಂದರೆ ಮನೆ ಖಾಲಿ ಮಾಡಿದವರ ಚರಿತ್ರೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. 1347ರಲ್ಲಿ ಇಲ್ಲಿ ಬಿಡಾರ ಹೂಡಿದ ಬಹಮನಿಗಳು, ನೂರು ವರ್ಷ ತುಂಬುವ ಮೊದಲೇ ಕೋಟೆ, ಮಸೀದಿ, ಗುಮ್ಮಟಗಳನ್ನು ಇದ್ದಲ್ಲೇ ಬಿಟ್ಟು ಬೀದರಿಗೆ ನಡೆದರು. ಅಡ್ವಾನ್ಸ್ ವಾಪಸು ಬಂದದ್ದಕ್ಕೆ ಶಾಸನಾಧಾರವಿಲ್ಲ.

ಸ್ವತಃ ರೋಜಾ ಬಡಾವಣೆಯೂ ಇಂಥದೇ ಪ್ರಕರಣದ ಫಲ. ದಿಲ್ಲಿಯಿಂದ ಬಂದ ಖ್ವಾಜಾ ಬಂದೇನವಾಜರು ಮೊದಲು ಕೋಟೆಯ ಹತ್ತಿರವೇ ಇದ್ದರು. ಅವರಲ್ಲಿಗೆ ಬರುವ ಜನ ಹೆಚ್ಚಾದರೆಂದು ಸುಲ್ತಾನ ಫಿರೋಜ್ ಷಾ ಜಾಗ ಬದಲಿಸಲು ಹೇಳಿಕಳಿಸಿದ. ಅವರು ಈಗ ದರ್ಗಾ ಇರುವಲ್ಲಿಗೆ ಬಂದರು. 1422ರಲ್ಲಿ ಸುಲ್ತಾನನ ಗದ್ದುಗೆ ಹೋಯಿತು; ದರ್ಗಾದ ಜನಸಂದಣಿ ಇನ್ನೂ ಕರಗಿಲ್ಲ. ‘ನಿಮ್ಮನಿಗಿ ಮಂದಿ ಭಾಳ ಬರ್ತಾರ’ ಎಂದು ತಗಾದೆ ತೆಗೆಯುವ ಮಾಲಕರು ಇದನ್ನು ಗಮನಿಸತಕ್ಕದ್ದು.

ಇನ್ನು ಮೂಲಗ್ರಂಥ, ಅಂದರೆ ಬಾಡಿಗೆ ಕರಾರುಪತ್ರ. ಛಾಪಾ ಕಾಗದದ ಮೇಲಿನ ಈ ಕೃತಿಯ ಕರ್ತೃ ಅಜ್ಞಾತ. ಹಸ್ತಪ್ರತಿಗಳಲ್ಲಿ ಹೆಸರು, ಬಾಡಿಗೆ ಬಿಟ್ಟರೆ ಪಾಠಾಂತರವಿಲ್ಲ. ಅವಧಿ ಹನ್ನೊಂದೇ ತಿಂಗಳು ಏಕೆ? ವರ್ಷ ಮೀರಿದ ಲೀಜನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಆದಕಾರಣ ಬಾಡಿಗೆಯ ಪಂಚಾಂಗದಲ್ಲಿ ಪ್ರತಿ ಸಂವತ್ಸರಕ್ಕೂ ಒಂದು ಕ್ಷಯಮಾಸ.

ಪ್ರಕೃತ ವಿಷಯ: ಬಾಡಿಗೆದಾರನಿಗೆ ಐದನೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹೊಸ ನೌಕರಿ.

‘ಸಾಹೇಬ್ರ, ಕೆಲಸ ಬದಲಾತ್ರೀ.’

‘ಕೆಲಸ ನಿಮ್ದು ಬದಲಾಗ್ಯದ. ಅಗ್ರಿಮೆಂಟ್ ನಮ್ದು ಹಂಗೇ ಅದ ಅಲ್ರೀ.’

ಇದು ಪೂರ್ವಪಕ್ಷ. ಉತ್ತರಪಕ್ಷ 1872ರ ಕರಾರು ಕಾಯ್ದೆಯ 74ನೇ ಕಲಮನ್ನು ಮುಂದಿಡುತ್ತದೆ: ದಂಡವೆಂದು ಎಷ್ಟೇ ಬರೆಸಿಕೊಂಡಿರಲಿ, ಆ ಮಿತಿಯೊಳಗೆ ನ್ಯಾಯೋಚಿತವಾದ ಪರಿಹಾರವಷ್ಟೇ ಸಲ್ಲುತ್ತದೆ. ಆದರೆ ಅಡ್ವಾನ್ಸ್ ಮೊದಲೇ ಮಾಲಕರ ತಿಜೋರಿಯಲ್ಲಿ ಇರುವುದರಿಂದ ನ್ಯಾಯೋಚಿತವೆಂದರೆ ಎಷ್ಟು ಎಂಬುದೂ ಅಲ್ಲೇ ಇತ್ಯರ್ಥವಾಗುತ್ತದೆ. ಕೋರ್ಟಿಗೆ ಹೋಗಬಹುದು. ಹೋಗುವವನು ಬೆಂಗಳೂರಿನಲ್ಲಿರುತ್ತಾನೆ.

ಇಲ್ಲಿ ಮೀಮಾಂಸಕರು ನೆರವಿಗೆ ಬರುತ್ತಾರೆ. ಸೋಮಲತೆ ಸಿಗದಿದ್ದರೆ ಪೂತೀಕದಿಂದ ಯಾಗ ಪೂರೈಸಬಹುದೆಂಬ ಪ್ರತಿನಿಧಿ ನ್ಯಾಯ ಅವರದು. ಹಾಗೆಯೇ ಬಾಡಿಗೆದಾರನೂ ತನ್ನ ಬದಲಿ ಒಬ್ಬನನ್ನು ತಂದು ನಿಲ್ಲಿಸಿ ಬಿಡುಗಡೆ ಪಡೆಯಬಹುದು. ಪೂತೀಕಕ್ಕೆ ಲಗ್ನವಾಗಿರಬೇಕೆಂಬ ಷರತ್ತು ಜೈಮಿನಿಯಲ್ಲಿಲ್ಲ, ರೋಜಾದ ಮಾಲಕರಲ್ಲಿದೆ. ಕಮಲಾಪುರದಿಂದ ದಿನಾ ಬಸ್ಸಿಗೆ ಓಡಾಡಿ ದಣಿದಿದ್ದ ಸಂಸಾರಸ್ಥನೊಬ್ಬ ಕೊನೆಗೆ ಸಿಕ್ಕ. ಮಾತುಕತೆಗೆ ಬರುವಾಗ ತನ್ನೂರಿನ ಕೆಂಪು ಬಾಳೆಯ ಒಂದು ಚಿಪ್ಪನ್ನೂ ತಂದಿದ್ದ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಹಣ್ಣಿನ ಪ್ರಭಾವ 74ನೇ ಕಲಮಿಗಿಂತ ಹೆಚ್ಚೆಂದು ಕ್ಷೇತ್ರಕಾರ್ಯದಲ್ಲಿ ಸಿದ್ಧವಾಯಿತು: ದಂಡ ಮಾಫಿ.

ಪೇಂಟಿಂಗಿನ ಖರ್ಚು, ಗೋಡೆಗೆ ಹೊಡೆದ ಮೊಳೆಯ ಖರ್ಚು ಮಾತ್ರ ಮುರಿದುಕೊಂಡರು. ಗೋಡೆ ಹಳೇ ಬಣ್ಣದಲ್ಲೇ ಇದೆ. ಅದೇ ಮೊಳೆಗೆ ಕಮಲಾಪುರದವರು ಕ್ಯಾಲೆಂಡರು ತೂಗುಹಾಕಿದ್ದಾರೆ.