ತಳ್ಳುಗಾಡಿಯ ಉತ್ತರಾಧಿಕಾರಿ

1933ರಲ್ಲಿ ಒಮ್ಮೆ ಕೋಡಿ ಬಿದ್ದು, ಆಮೇಲೆ 89 ವರ್ಷಗಳ ಕಾಲ ಮತ್ತೆ ಆ ಸಾಹಸಕ್ಕೆ ಕೈಹಾಕದೆ ಇದ್ದ ನಮ್ಮ ಮಾರಿಕಣಿವೆಯ ಜಲಾಶಯವು 2022ರ ಸೆಪ್ಟೆಂಬರಿನಲ್ಲಿ ತುಂಬಿ ಹರಿಯುತ್ತಿದೆಯೆಂಬ ವಾರ್ತೆ ಹಬ್ಬಿದಾಗ, ಚಿತ್ರದುರ್ಗ ಸೀಮೆಯಲ್ಲಿ ಕಾಲಿದ್ದವರೆಲ್ಲರೂ ಹಿರಿಯೂರಿನ ದಾರಿ ಹಿಡಿದರು. ಬೊಗಸೆ ನೀರು ಕಂಡರೂ ಕೈಮುಗಿಯುವ ಸೀಮೆ ನಮ್ಮದು. ನಾನೂ ಪತ್ನಿಯನ್ನು ಕೂರಿಸಿಕೊಂಡು, ಹೊಸದುರ್ಗದ ಬಳಿಯ ನಮ್ಮ ತೆಂಗಿನ ತೋಟದಿಂದ, 1994ನೆಯ ಇಸವಿಯ ನನ್ನ ಮಹೀಂದ್ರ ಜೀಪಿನಲ್ಲಿ ಹೊರಟೆನು. ವೇದಾವತಿಯು ಮಡಿಪಂಚೆಯನ್ನು ಹರವಿದಂತೆ ಕೋಡಿಯಿಂದ ಇಳಿಯುವುದನ್ನು ಒಂದು ಗಂಟೆ ಕಣ್ತುಂಬ ನೋಡಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣವೊಂದನ್ನು ಮುಗಿಸಿ ಹಿಂತಿರುಗಿದಾಗ, ಜೀಪು ನಿಂತಿದ್ದ ಸ್ಥಳದಲ್ಲಿ ಎಂಜಿನ್ ಆಯಿಲಿನ ಒಂದು ಕಪ್ಪು ಮಚ್ಚೆಯ ಹೊರತು ಮತ್ತೇನೂ ಉಳಿದಿರಲಿಲ್ಲ.

ನನ್ನ ಜೀಪನ್ನು ಯಾರಾದರೂ ಕದಿಯಬಹುದೆಂಬ ಶಂಕೆ ನನಗೆ ಕನಸಿನಲ್ಲಿಯೂ ಸುಳಿದಿರಲಿಲ್ಲ. ಬೀಗವು ಯಾವ ಕೀಲಿಗಾದರೂ ಒಲಿಯುವಷ್ಟು ಉದಾರವಾಗಿತ್ತೆಂಬುದು ನಿಜವಾದರೂ, ನಾಲ್ಕು ಜನರು ಹಿಂದಿನಿಂದ ತಳ್ಳಿದ ಹೊರತು ಎಂಜಿನ್ನು ಎಚ್ಚರಗೊಳ್ಳುತ್ತಿರಲಿಲ್ಲವಾದ್ದರಿಂದ, ಈ ದೋಷವನ್ನೇ ನಾನು ಹನ್ನೊಂದು ವರ್ಷ ಕಾವಲುಗಾರನೆಂದು ನಂಬಿ ನಿಶ್ಚಿಂತನಾಗಿದ್ದೆನು. ಕಳ್ಳನೇನು ಕೂಲಿಯಾಳುಗಳನ್ನು ಕರೆದುಕೊಂಡು ಬರುತ್ತಾನೆಯೆ? ಬಜ್ಜಿಯವನನ್ನು ವಿಚಾರಿಸಿದೆ. "ಆ ಹಸಿರು ಜೀಪಾ ಸ್ವಾಮೀ? ಸ್ಟಾರ್ಟೇ ಆಗ್ತಿಲ್ಲ ಅಂತ ಪಾಪ ಆ ಹುಡುಗ ಒದ್ದಾಡ್ತಿದ್ದ. ನಾವೇ ನಾಕು ಜನ ತಳ್ಳಿಕೊಟ್ವಿ" ಎಂದು ಅವನು ಪುಣ್ಯಕಾರ್ಯ ಮಾಡಿದವನ ಮುಖಭಾವದಿಂದ ನುಡಿದನು.

ಠಾಣೆಯಲ್ಲಿ, ಮೂವತ್ತು ವರ್ಷ ಕನ್ನಡ ಬೋಧಿಸಿದ ಅಭ್ಯಾಸಬಲದಿಂದ ಎರಡು ಪುಟದ ದೂರನ್ನು ಬರೆದುಕೊಟ್ಟೆನು. ಮುಖ್ಯಪೇದೆಯವರು ಸಾವಧಾನವಾಗಿ ಓದಿ, "ಕೋಡಿ ವರ್ಣನೆ ಚೆನ್ನಾಗಿದೆ ಮೇಷ್ಟ್ರೇ, ಚಾಸಿ ನಂಬರ್ ಎಲ್ಲಿ?" ಎಂದರು. ಅದು ಆರ್‌ಸಿಯಲ್ಲಿತ್ತು; ಆರ್‌ಸಿ ಜೀಪಿನಲ್ಲಿತ್ತು. ಕಡೆಗೆ ಸಾರಿಗೆ ಕಚೇರಿಯಿಂದ ನಕಲು ತರಿಸಿ, ದಂಡಸಂಹಿತೆಯ 379ನೆಯ ಕಲಮಿನಡಿ ಪ್ರಕರಣ ದಾಖಲಾಗಿ, ಕೆಲವು ತಿಂಗಳ ನಂತರ ಪತ್ತೆಯಾಗಲಿಲ್ಲವೆಂಬ 'ಸಿ ರಿಪೋರ್ಟ್' ಕೈಸೇರಿತು. ವಿಮೆಯ ಮಾತನ್ನು ಕೇಳಬೇಡಿ. ನಾನು ಮಿತವ್ಯಯಕ್ಕಾಗಿ ಬರಿಯ ಥರ್ಡ್ ಪಾರ್ಟಿ ಮಾಡಿಸಿದ್ದೆನು. ಅದು ಹೊರಗಿನವರ ಹಿತವನ್ನು ಮಾತ್ರ ಕಾಯುವಂಥದು, ಮತ್ತು ಈ ವ್ಯವಹಾರದಲ್ಲಿ ಹೊರಗಿನವನ ಹಿತಕ್ಕೆ ಯಾವ ಕುಂದೂ ಬಂದಿರಲಿಲ್ಲ.

ಮಳೆ ಹಿಡಿದರೆ ನಮ್ಮ ತೋಟದ ದಾರಿಯು ದಾರಿಯೆಂಬ ಹೆಸರನ್ನು ಕಳೆದುಕೊಳ್ಳುವುದರಿಂದ, ನಾಲ್ಕೂ ಚಕ್ರಕ್ಕೆ ಬಲವಿರುವ ಮತ್ತೊಂದು ವಾಹನವನ್ನು ಅರಸಲೇಬೇಕಾಯಿತು. ನನ್ನ ತಂದೆಯವರು ಜಾತ್ರೆಗಳಲ್ಲಿ ಎತ್ತು ಕೊಳ್ಳುವುದರಲ್ಲಿ ಹೆಸರಾದವರು; ಹಲ್ಲು ಎಣಿಸಿ, ಸುಳಿ ನೋಡಿ, ಹತ್ತು ಮಾರು ನಡೆಸಿ, ಆಮೇಲೆಯೇ ಬೆಲೆ ಕೇಳುತ್ತಿದ್ದರು. ಅದೇ ಕ್ರಮವನ್ನು ನಾನೂ ಅನುಸರಿಸಿದೆನು. ಇದು ಅಷ್ಟೇನೂ ಅಸಂಗತವಲ್ಲ. ನೆರೆಯ ಅಜ್ಜಂಪುರದ ಕೇಂದ್ರದಲ್ಲಿ ಇಂದಿಗೂ ಸಾಕುವ ಅಮೃತಮಹಲ್ ತಳಿಯು ಹೈದರಾಲಿ, ಟಿಪ್ಪುಗಳ ಫಿರಂಗಿಗಳನ್ನು ಎಳೆದು ಆಮೇಲೆ ನೇಗಿಲಿಗೆ ಇಳಿದದ್ದು. ಜೀಪಾದರೋ ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕೆಯಲ್ಲಿ ಹುಟ್ಟಿ, 1947ರಿಂದ ಮುಂಬಯಿಯಲ್ಲಿ ಬಿಡಿಭಾಗಗಳಿಂದ ಜೋಡಣೆಗೊಂಡು, ಕಡೆಗೆ ಕೊಬ್ಬರಿ ಮೂಟೆ ಹೊರಲು ಬಂದದ್ದು. ಇಬ್ಬರೂ ದಂಡಿನಿಂದ ನಿವೃತ್ತರಾದವರೇ.

ಪರೀಕ್ಷಕರಾಗಿ ನಮ್ಮೂರಿನ ಮೆಕ್ಯಾನಿಕ್ ಸಾಬರು ಜೊತೆಗೂಡಿದರು. ಅವರ ಉಪಕರಣಗಳು ಎರಡೇ: ಪುಟ್ಟಿ ಮೆತ್ತಿದ ಕಡೆ ಅಂಟದೆ ಜಾರುವ ಒಂದು ಅಯಸ್ಕಾಂತದ ತುಂಡು, ಮತ್ತು ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆರೆದು ಹೊಗೆ ಮುಖಕ್ಕೆ ಬರುತ್ತದೆಯೋ ಎಂದು ನೋಡಲು ಅವರ ಸ್ವಂತ ಮುಖ. ಬಂದರೆ "ಬ್ಯಾಕ್ ಕಂಪ್ರೆಷನ್ ಮೇಷ್ಟ್ರೇ, ಬ್ಯಾಡ" ಎಂಬುದು ತೀರ್ಪು.

ಚಿತ್ರದುರ್ಗದಲ್ಲಿ ದಲ್ಲಾಳಿಯೊಬ್ಬನು ಮೊದಲು ತೋರಿಸಿದುದು ಸೇನೆಯ ಹರಾಜಿನಿಂದ ಬಂದ ಜಿಪ್ಸಿ. ನಡೆ ನಯವಾಗಿತ್ತು, ಆದರೆ ಅದು ಪೆಟ್ರೋಲು ಕುಡಿಯುವ ಬಗೆಯನ್ನು ಕಂಡು, ಸರ್ಕಾರದ ಬೊಕ್ಕಸವಲ್ಲದೆ ಮೇಷ್ಟರ ಪಿಂಚಣಿ ಇದನ್ನು ಸಾಕಲಾರದೆಂದು ಹಿಂದೆಗೆದೆನು. ಎರಡನೆಯದು ಟ್ರ್ಯಾಕ್ಟರಿನಂಥ ಚಕ್ರ, ಎಂಟು ದೀಪ, ಮನೆಯನ್ನೇ ನಡುಗಿಸುವ ಸಂಗೀತಯಂತ್ರಗಳಿಂದ ಸರ್ವಾಲಂಕಾರಭೂಷಿತವಾಗಿತ್ತು. ಸಾಬರು ಕೆಳಗೆ ನುಸುಳಿ, ಎಂಜಿನ್ನು ಯಾವುದೋ ಟೆಂಪೋದ್ದು, ಗೇರ್ ಬಾಕ್ಸು ಇನ್ನೊಂದು ಕುಲದ್ದು, ಆರ್‌ಸಿಯಲ್ಲಿರುವ ನಂಬರು ಇವೆರಡಕ್ಕೂ ಸಂಬಂಧಪಡದ್ದು ಎಂದು ವರದಿ ಒಪ್ಪಿಸಿದರು. ವ್ಯಾಕರಣದಲ್ಲಿ ಇದಕ್ಕೆ ಅರಿಸಮಾಸವೆಂದು ಹೆಸರು. ಬೇರೆ ಯಾರೋ ಇದೇ ರೀತಿ ಎರಡು ಪುಟದ ದೂರು ಬರೆದುಕೊಟ್ಟು ಕುಳಿತಿರಬಹುದೆಂಬ ಯೋಚನೆ ಬಂದು, ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹಿರಿಯೂರಿನಲ್ಲಿ ಕಂಡ ಜೀಪು ನನ್ನ ಮನಸ್ಸನ್ನು ಪೂರ್ತಿಯಾಗಿ ಗೆದ್ದಿತು. ಅದೇ ಹಸಿರು, ಅದೇ ಹರಿದ ಹುಡ್, ಗೇರಿನ ಪಕ್ಕದಲ್ಲಿ ಫೋರ್ ವೀಲಿನ ಗಿಡ್ಡ ಲಿವರ್. ಎಳೆದೆನು, ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಂದಿತು. ಊರಾಚೆಯ ಎರೆಹೊಲದ ಕೆಸರಿಗೆ ಇಳಿಸಿದೆವು. ಹಿಂದಿನ ಚಕ್ರಗಳೆರಡೂ ಸ್ವಸ್ಥಾನದಲ್ಲಿಯೇ ಗಿರಗಿರನೆ ತಿರುಗಿ ಸಾಬರ ಬಿಳಿಯ ಅಂಗಿಯನ್ನು ಕಪ್ಪು ಮಾಡಿದವು. ಮುಂದಿನವೆರಡೂ ಈ ಲೋಕವ್ಯಾಪಾರಕ್ಕೂ ತಮಗೂ ಸಂಬಂಧವಿಲ್ಲವೆಂಬ ವೈರಾಗ್ಯದಿಂದ ನಿಂತಿದ್ದವು. ಬಗ್ಗಿ ನೋಡಿದರೆ, ಬಲವನ್ನು ಮುಂದಿನ ಹೌಸಿಂಗಿಗೆ ಒಯ್ಯಬೇಕಾದ ಶಾಫ್ಟೇ ಇರಲಿಲ್ಲ. "ಡೀಸೆಲ್ ಉಳೀಲಿ ಅಂತ ಬಿಚ್ಚಿ ಗುಜರಿಗೆ ಹಾಕಿದ್ವಿ ಅಣ್ಣಾ" ಎಂದು ಮಾಲೀಕನು ನಿರ್ವಂಚನೆಯಿಂದ ಒಪ್ಪಿಕೊಂಡನು. ಲೋಪಸಂಧಿಯನ್ನು ಇಷ್ಟು ಸ್ಪಷ್ಟವಾಗಿ ನಾನು ತರಗತಿಯಲ್ಲಿಯೂ ವಿವರಿಸಿದ್ದಿಲ್ಲ. ಜೀಪನ್ನು ಮೇಲಕ್ಕೆ ತರಲು ಒಂದು ಜೊತೆ ಎತ್ತು ಬೇಕಾಯಿತು.

ಹೊಳಲ್ಕೆರೆಯ ಬಳಿಯ ಅಡಿಕೆ ತೋಟದ ಯಜಮಾನರು ನನಗಿಂತ ಹತ್ತು ವರ್ಷ ಹಿರಿಯರು. ಅವರು ಜೀಪು ತೋರಿಸುವುದಕ್ಕೆ ಮೊದಲು ಕಾಫಿ ಕೊಟ್ಟರು, ಕಾಫಿಯ ಜೊತೆಗೆ ಪ್ರಶ್ನೆಗಳನ್ನೂ ಕೊಟ್ಟರು. ಮಳೆಯಲ್ಲಿ ನೆನೆಯಲು ಬಿಡುತ್ತೀರೋ, ಮಾಡು ಇದೆಯೋ? ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕುವ ಚಾಳಿ ಉಂಟೋ? ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡೆಯಬೇಕಾದ ದೂರ ಬೇರೆ ಬೇರೆ. ಕೆಸರಾದರೆ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರಲಾರದೆ ಹಲ್ಲುಗಳು ತಿನ್ನಲ್ಪಡುತ್ತವೆ ಎಂದು ಅವರು ಲೋಟ ಮತ್ತು ಚೊಂಬುಗಳನ್ನು ಮೇಜಿನ ಮೇಲೆ ತಿರುಗಿಸಿ ತಿಳಿಸಿಕೊಟ್ಟರು. ಕೊನೆಗೆ, "ಮೊದಲಿನ ಗಾಡಿ ಏನಾಯ್ತು?" ಎಂದರು. ಹೇಳಿದೆನು. ಬಜ್ಜಿಯ ಪ್ರಸಂಗವನ್ನೂ ಬಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಮಗೆ ಕೊಡಬೌದಾ ಅಂತ ಯೋಚ್ನೆ ಮಾಡ್ತಿದೀನಿ" ಎಂದರು. ಕೊಳ್ಳುವವನ ಸುಳಿಯನ್ನು ಮಾರುವವನು ನೋಡುವ ಪದ್ಧತಿಯೂ ಉಂಟೆಂದು ನಮ್ಮ ತಂದೆಯವರು ನನಗೆ ತಿಳಿಸಿರಲಿಲ್ಲ.

ಜೀಪು ನಿರ್ದೋಷವಾಗಿತ್ತು. ಹೊಗೆ ಸಾಬರ ಮುಖಕ್ಕೆ ಬರಲಿಲ್ಲ, ಅಯಸ್ಕಾಂತ ಎಲ್ಲಿಯೂ ಜಾರಲಿಲ್ಲ, 15 ವರ್ಷದ ಅವಧಿ ಮುಗಿದ ಮೇಲೆ ಐದೈದು ವರ್ಷಕ್ಕೆ ಮಾಡಿಸುವ ಮರುನೋಂದಣಿ ಚಾಲ್ತಿಯಲ್ಲಿತ್ತು. ತೋಟದ ಕಾಲುವೆಯ ಕೆಸರಿನಲ್ಲಿ ಗಿಡ್ಡ ಲಿವರನ್ನು ಲೋ ಗೇರಿಗೆ ಹಾಕಿದ ಕ್ಷಣದಲ್ಲಿಯೇ ನಾಲ್ಕೂ ಚಕ್ರಗಳು ಒಮ್ಮತಕ್ಕೆ ಬಂದು, ಆನೆ ಕೆರೆಯಿಂದ ಏಳುವಂತೆ ನಿಧಾನವಾಗಿ ಮೇಲೆದ್ದುವು. ಬೆಲೆಯ ಮಾತಿಗೆ ಯಜಮಾನರು ಹೆಗಲ ಟವೆಲನ್ನು ನನ್ನ ಕೈಮೇಲೆ ಹಾಕಿ ಅದರ ಮರೆಯಲ್ಲಿ ಬೆರಳು ಹಿಡಿದರು. ದನದ ಜಾತ್ರೆಯ ಈ ಮೂಕಭಾಷೆ ನನಗೆ ಬಾರದು; ವಿಶ್ವಾಸದಿಂದ ಹಿಡಿದರೆಂದು ಭಾವಿಸಿ, ನಾನೂ ವಿಶ್ವಾಸದಿಂದಲೇ ಅವರ ಮೂರು ಬೆರಳನ್ನು ಅದುಮಿದೆನು. ಅವರು ಕೇಳಿದ್ದುದು 2,80,000 ರೂಪಾಯಿಯಂತೆ. ನಾನು ಮೂರು ಲಕ್ಷಕ್ಕೆ ಒಪ್ಪಿದೆನಂತೆ. ಸಾಬರು ಹಣೆ ಚಚ್ಚಿಕೊಂಡರು.

ಹೊಸ ಜೀಪು ಕೀಲಿ ತಿರುಗಿಸಿದೊಡನೆ, ಯಾರ ಹಂಗೂ ಇಲ್ಲದೆ, ಅರ್ಧ ಸುತ್ತಿಗೇ ಹೊರಡುತ್ತದೆ. ನೆಂಟರಿಷ್ಟರೆಲ್ಲರೂ ಮೆಚ್ಚುವ ಈ ಗುಣವೇ ನನ್ನ ನಿದ್ರೆಯನ್ನು ಕೆಡಿಸಿದೆ. ಹಳೆಯದನ್ನು ಒಯ್ಯಲು ಐದು ಜನ ಬೇಕಾಗಿತ್ತು, ಇದಕ್ಕೆ ಒಬ್ಬನೇ ಸಾಕು. ತಂದೆಯವರು ಎತ್ತು ಕಟ್ಟುತ್ತಿದ್ದ ಸರಪಣಿಯನ್ನು ಅಟ್ಟದಿಂದ ಇಳಿಸಿ, ಪ್ರತಿರಾತ್ರಿಯೂ ಮುಂದಿನ ಚಕ್ರವನ್ನು ಅಂಗಳದ ತೆಂಗಿನ ಮರಕ್ಕೆ ಬಿಗಿಯುತ್ತಿದ್ದೇನೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೊಮ್ಮೆ ಕೋಡಿ ಬಿದ್ದಿತು. ನಾವು ಸರ್ಕಾರಿ ಬಸ್ಸಿನಲ್ಲಿ ಹೋಗಿ ನೋಡಿಬಂದೆವು. ನನ್ನ ಪತ್ನಿಗೆ ಟಿಕೇಟಿನ ದುಡ್ಡು ಕೊಡಬೇಕಾಗಿರಲಿಲ್ಲ; ನನ್ನದನ್ನು ನಾನು ಕೊಟ್ಟೆನು.