ಪರಿಷೇಚನ ಮೀಮಾಂಸೆ, ಅಥವಾ ತುಪ್ಪ ಬರುವ ಮುನ್ನ

ಅಧಿಕಾರಿ ಯಾರೆಂದು ಹೇಳದೆ ಯಾವ ಶಾಸ್ತ್ರಗ್ರಂಥವೂ ಮುಂದೆ ಹೋಗುವುದಿಲ್ಲ. ವೇದಾಂತ ಓದುವವನಿಗೆ ವಿವೇಕ, ವೈರಾಗ್ಯ, ಶಮದಮಾದಿ ಆರು ಸಂಪತ್ತು, ಮೋಕ್ಷದ ಹಂಬಲ ಇರಬೇಕಂತೆ. ಊಟಕ್ಕೆ ಮುಂಚಿನ ಪ್ರಾರ್ಥನೆಯ ಆಧ್ಯಾತ್ಮಿಕ ಅರ್ಥವನ್ನು ಹುಡುಕ ಹೊರಟ ಈ ಪ್ರಬಂಧದ ಓದುಗನಿಗೂ ಅವೇ ಸಾಕು. ಪಲ್ಯ ಅನಿತ್ಯ, ಹೋಳಿಗೆ ಬಂದೇ ಬರುತ್ತದೆ ಎಂದು ತಿಳಿಯುವುದು ವಿವೇಕ. ಆ ತಿಳಿವಿನ ಬಲದಿಂದ ಎಲೆಯ ಮೇಲಿನ ಕೋಸಂಬರಿ ಮುಟ್ಟದೆ ಕೂರುವುದು ವೈರಾಗ್ಯ. ಪಕ್ಕದವರ ಎಲೆಗೆ ಎರಡು ಹೋಳಿಗೆ ಬಿದ್ದಾಗಲೂ ಕಣ್ಣು ತನ್ನ ಎಲೆಯಲ್ಲೇ ನೆಟ್ಟಿದ್ದರೆ ಅದು ದಮ. ಇನ್ನು ಹಂಬಲ: ಹನ್ನೆರಡೂವರೆಗೆ ಮುಹೂರ್ತ ಇಟ್ಟ ಪುರೋಹಿತರು ಅದನ್ನು ಎರಡೂ ಕಡೆಯ ಬೀಗರಲ್ಲಿ ಸಮನಾಗಿ ಹುಟ್ಟಿಸಿರುತ್ತಾರೆ.

ಸಂಶಯ ಇದು: ಉಣ್ಣುವ ಮುನ್ನ ಮಂತ್ರ ಹೇಳುವುದು ದೇವರಿಗಾಗಿಯೋ, ಬೇರೆ ಯಾರಿಗಾಗಿಯೋ?

ಪೂರ್ವಪಕ್ಷವನ್ನು ಎತ್ತುವವನು ಲಂಡನ್ನಿನ ಚಾರ್ಲ್ಸ್ ಲ್ಯಾಂಬ್. 1821ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧ ಬರೆದು, ಬಡವನ ಗಂಜಿಯ ಮುಂದೆ ಕೃತಜ್ಞತೆ ಒಪ್ಪುತ್ತದೆ, ಸಿರಿವಂತನ ಔತಣದಲ್ಲಿ ಬಾಯಲ್ಲಿ ನೀರೂರುತ್ತಿರುವಾಗ ಅದು ಹೊಂದುವುದಿಲ್ಲ ಎಂದ. ಒಳ್ಳೆಯ ಪುಸ್ತಕ ಓದುವ ಮುನ್ನ, ವಾಯುವಿಹಾರಕ್ಕೆ ಹೊರಡುವ ಮುನ್ನ ಯಾಕೆ ಪ್ರಾರ್ಥನೆ ಇಲ್ಲ ಎಂದೂ ಕೇಳಿದ. ಈತ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಲೆಕ್ಕದ ಗುಮಾಸ್ತನಾಗಿದ್ದವನು. ಆದ್ದರಿಂದ ನಮ್ಮ ಚಿತ್ರಗುಪ್ತನ ಸಹೋದ್ಯೋಗಿ ಎಂದೇ ಪರಿಗಣಿಸಿ ಗೌರವದಿಂದ ಉತ್ತರಿಸಬೇಕು.

ಚಿತ್ರಗುಪ್ತನ ಹೆಸರು ಸುಮ್ಮನೆ ಬಂದಿಲ್ಲ. ಎಲೆಯ ಸುತ್ತ ನೀರು ಸುತ್ತಿಸಿ ಪರಿಷೇಚನೆ ಮಾಡಿದವರು ಮರುಕ್ಷಣವೇ ಎಲೆಯ ಬಲಗಡೆ ನಾಲ್ಕಾರು ಅಗುಳು ಇಟ್ಟು ಯಮನಿಗೂ ಚಿತ್ರಗುಪ್ತನಿಗೂ ಚಿತ್ರಾಹುತಿ ಕೊಡುತ್ತಾರೆ. ಅಂದರೆ ಕಡತ ಯಾರ ಮೇಜಿನ ಮೇಲಿದೆಯೋ ಅವರಿಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿ, ಆಮೇಲೆ ಪಂಚಪ್ರಾಣಗಳಿಗೆ. ಈ ಕ್ರಮವನ್ನು ಇವತ್ತಿಗೂ ಕಚೇರಿಗಳಲ್ಲಿ ನಿಷ್ಠೆಯಿಂದ ಪಾಲಿಸುವವರಿದ್ದಾರೆ, ಆದರೆ ಅಲ್ಲಿ ಅಗುಳಿಗೆ ಕೆಲಸ ನಡೆಯುವುದಿಲ್ಲ. ಪ್ರಾಣಾಹುತಿಯ ತುತ್ತನ್ನು ಹಲ್ಲಿಗೆ ತಾಗಿಸದೆ ನುಂಗಬೇಕೆಂಬ ವಿಧಿಯೂ ಇದೆ. ನಮ್ಮ ಮನೆಯ ಮಕ್ಕಳು ಮಂತ್ರವಿಲ್ಲದೆಯೇ ಇದನ್ನು ಸಾಧಿಸಿದ್ದಾರೆ, ಶಾಲೆಯ ವ್ಯಾನ್ ಬರುವ ಹೊತ್ತಿಗೆ.

ಈಗ ಸಿದ್ಧಾಂತ. ಮೀಮಾಂಸಕರು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ಕೊಡುವ ಉದಾಹರಣೆಯೇ ಊಟದ್ದು. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಲೇಬೇಕು. (ಪರಿಷೇಚನೆಗೆ ಹಗಲಿಗೊಂದು, ರಾತ್ರಿಗೊಂದು ಮಂತ್ರವಿದೆ. ದೇವದತ್ತನಿಗೆ ಎರಡನೆಯದು ಮಾತ್ರ ಬಾಯಿಪಾಠ ಇದ್ದಿರಬೇಕು.) ಅದೇ ತರ್ಕವನ್ನು ಮದುವೆಮನೆಯ ಪಂಕ್ತಿಗೆ ಹಚ್ಚಿ ನೋಡಿ. ಅನ್ನ ಬಿತ್ತು, ತೊವ್ವೆ ಬಿತ್ತು. ತುಪ್ಪದ ಮಿಳ್ಳೆ ಹಿಡಿದವನು ಇನ್ನೂ ಮೂರನೆಯ ಎಲೆಯ ಹತ್ತಿರ ಒಬ್ಬ ಮಾವನವರ ಒತ್ತಾಯಕ್ಕೆ ಸಿಕ್ಕಿಬಿದ್ದಿದ್ದಾನೆ. ಹಿರಿಯರೊಬ್ಬರು ಶ್ಲೋಕ ಎತ್ತಿಕೊಳ್ಳುತ್ತಾರೆ. ಮುಗಿಯಿತೆನ್ನುವಾಗ ಇನ್ನೊಂದು. ಕೊನೆಯ ಎಲೆಗೆ ತುಪ್ಪ ಬಿದ್ದ ಕ್ಷಣವೇ ‘ಗೋವಿಂದಾ’ ಎಂದು ಕೂಗು, ಇಡೀ ಪಂಕ್ತಿಯಿಂದ ‘ಗೋವಿಂದ’ ಎಂಬ ಮಾರುತ್ತರ. ಶ್ಲೋಕದ ಉದ್ದಕ್ಕೂ ಮಿಳ್ಳೆಯ ನಡಿಗೆಗೂ ಇರುವ ಈ ಹೊಂದಾಣಿಕೆ ಬೇರೆ ರೀತಿಯಲ್ಲಿ ಹೊಂದದ್ದರಿಂದ, ಪ್ರಾರ್ಥನೆ ಇರುವುದು ಕೊನೆಯ ಎಲೆಯವನಿಗಾಗಿ ಎಂದು ಕಲ್ಪಿಸಲೇಬೇಕು.

ಇದರಿಂದ ದ್ವೈತಾದ್ವೈತ ವಿವಾದವೂ ತಾನಾಗಿ ಇತ್ಯರ್ಥವಾಗುತ್ತದೆ. ಮಿಳ್ಳೆ ಬಾಗಿಲಲ್ಲಿ ಇರುವಷ್ಟು ಹೊತ್ತು ತುಪ್ಪವೂ ನಾವೂ ಬೇರೆ ಬೇರೆ. ಕಲೆಸಿದ ಮೇಲೆ ಭೇದ ಕಂಡವರಿಲ್ಲ. ತೈತ್ತಿರೀಯದ ಭೃಗು ತಪಸ್ಸು ಮಾಡಿ ಮೊದಲ ಸುತ್ತಿನಲ್ಲೇ ಅನ್ನವೇ ಬ್ರಹ್ಮವೆಂದು ಕಂಡುಕೊಂಡ. ತಂದೆ ವರುಣ ಸುಮ್ಮನಿರದೆ ಮತ್ತೆ ಮತ್ತೆ ತಪಸ್ಸಿಗೆ ಅಟ್ಟಿ, ಪ್ರಾಣ, ಮನಸ್ಸು, ವಿಜ್ಞಾನ ದಾಟಿಸಿ ಆನಂದಕ್ಕೆ ತಂದು ನಿಲ್ಲಿಸಿದ. ಅನ್ನಕ್ಕೆ ತುಪ್ಪ ಸೇರಿದ್ದರೆ ಅಷ್ಟು ಸುತ್ತಬೇಕಿರಲಿಲ್ಲ ಎಂಬುದು ಪ್ರಬಂಧಕಾರನ ವಿನಮ್ರ ಮತ.

ತುಪ್ಪವಿಲ್ಲದ ಕಡೆ ಸಿದ್ಧಾಂತ ಬಿದ್ದುಹೋಗುತ್ತದೆ ಎಂದು ಆಕ್ಷೇಪಿಸಬಾರದು. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಶುರುವಾದ ಅಕ್ಷರ ದಾಸೋಹದ ಬಿಸಿಯೂಟವನ್ನು ನೋಡಿ. ಮಕ್ಕಳು ತಟ್ಟೆ ಮುಂದಿಟ್ಟು ಕೈಮುಗಿದು, ಒಂದು ಕಣ್ಣು ಮುಚ್ಚಿ ಅನ್ನಪೂರ್ಣೆಯನ್ನು ನೆನೆಯುತ್ತಾರೆ. ಇನ್ನೊಂದು ಕಣ್ಣು ಸಾಂಬಾರಿನ ಬಕೆಟ್ಟಿನ ಮೇಲೆ. ಇಷ್ಟು ಏಕಾಗ್ರತೆ ಯಾವ ಯೋಗಶಿಬಿರದಲ್ಲೂ ಕಂಡದ್ದಿಲ್ಲ.

ಬಫೆಯ ವಿಚಾರ ಹೆಚ್ಚು ಬೇಡ. ಅಲ್ಲಿ ಕೊನೆಯ ಎಲೆಯೇ ಇಲ್ಲ, ಆದ್ದರಿಂದ ಪ್ರಾರ್ಥನೆಯೂ ಇಲ್ಲ. ತಟ್ಟೆಯ ಫೋಟೋ ತೆಗೆಯುವ ಅರೆ ನಿಮಿಷವನ್ನು ನವ್ಯ ಪರಿಷೇಚನೆ ಎನ್ನುವವರಿದ್ದಾರೆ. ಅದರಲ್ಲೂ ಊಟ ಆರುತ್ತದೆ ಎಂಬುದು ನಿಜ.

ಒಂದು ಜಾಗದಲ್ಲಿ ಮಾತ್ರ ಭಾಷ್ಯ ತಡವರಿಸುತ್ತದೆ. ಕೊನೆಯ ಎಲೆ ಯಾವುದು? ಒಳಗಿನ ಪಂಕ್ತಿಯ ತುದಿಯದೋ, ಜಾತಿ ನೋಡಿ ಅಂಗಳದಲ್ಲಿ ಬೇರೆ ಕೂರಿಸಿದವರದೋ? ಒಳಗೆ ಗೋವಿಂದ ಕೂಗಿದಾಗ ಹೊರಗೆ ಅನ್ನವೇ ಬಿದ್ದಿರುತ್ತಿರಲಿಲ್ಲ. ಹಿಂದಿನ ಪಂಡಿತರು ಈ ಸೂತ್ರ ಬಂದಾಗ ಕೈತೊಳೆಯಲು ಎದ್ದುಹೋಗಿದ್ದಾರೆ. ಬಡಿಸುವವರು, ಒಲೆಯ ಮುಂದೆ ನಿಂತವರು, ಬಿಸಿಯೂಟದ ಅಡುಗೆಯ ಹೆಂಗಸರು ಯಾವ ಪಂಕ್ತಿಗೂ ಸೇರಿದವರಲ್ಲ. ಅವರು ಕೂರುವ ಹೊತ್ತಿಗೆ ಹೋಳಿಗೆ ಮುಗಿದು ತಿಳಿಸಾರು ಉಳಿದಿರುತ್ತದೆ, ಶ್ಲೋಕ ಹೇಳಬೇಕಾದ ಹಿರಿಯರು ಮಂಟಪದ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ.

ಈ ಪ್ರಬಂಧವನ್ನು ಖಂಡಿಸಬೇಕೆಂದಿರುವ ವಿದ್ವಾಂಸರಲ್ಲಿ ಒಂದು ಕೋರಿಕೆ. ಮೊದಲನೆಯ ಪಂಕ್ತಿಗೆ ಬರಬೇಡಿ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಅಡುಗೆಯವರು ಊಟಕ್ಕೆ ಕೂತಾಗ ಬನ್ನಿ. ತುಪ್ಪ ಉಳಿದಿದ್ದರೆ ಮಿಳ್ಳೆ ನೀವೇ ಹಿಡಿದು ಕೊನೆಯ ಎಲೆಯವರೆಗೂ ಬಡಿಸಿ, ಆಮೇಲೆ ವಾದಕ್ಕೆ ಕೂರೋಣ.